ಕಾದ ಟಾಕಿಗೆ ಯಾವ ಮದ್ದು?

ಏಪ್ರಿಲ್ ತಿಂಗಳ ಮಧ್ಯಾಹ್ನ ನಾಲತವಾಡದ ಮಾಳಿಗೆಯ ಮೇಲಿನ ಕರಿ ಟಾಕಿಯ ನಳ ತಿರುವಿದರೆ, ಯಾರೂ ಒಲೆ ಹೊತ್ತಿಸದಿದ್ದರೂ ಕೈಗೆ ಬೀಳುವುದು ಬಿಸಿನೀರು. ವಿಜಯಪುರ ಜಿಲ್ಲೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಪ್ರತಿ ವರ್ಷದ ಮಾತು, ಕಪ್ಪು ಪ್ಲಾಸ್ಟಿಕ್ಕಿನ ಟಾಕಿ ಅದನ್ನೆಲ್ಲ ಹೀರಿಕೊಂಡು ಒಳಗಿನ ನೀರಿಗೆ ದಾಟಿಸುತ್ತದೆ. ಅತ್ತ ಬೆಂಗಳೂರಿನ ಹೊರವಲಯದ ವಿಲ್ಲಾಗಳಲ್ಲಿ, ಕೊಡಗು, ಚಿಕ್ಕಮಗಳೂರಿನ ರೆಸಾರ್ಟುಗಳಲ್ಲಿ, ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಹಿತ್ತಲುಗಳಲ್ಲಿ ಹಾಟ್ ಟಬ್ ಎಂಬ ಬಿಸಿನೀರಿನ ತೊಟ್ಟಿ ಇರುತ್ತದೆ. ಅದರ ನೀರಿನ ಉಷ್ಣತೆಗೆ ಆರೋಗ್ಯ ತಜ್ಞರು ಹಾಕಿರುವ ಮೇಲ್ಮಿತಿಯೂ 40 ಡಿಗ್ರಿಯೇ.

ಒಂದು ಅನಿವಾರ್ಯದ ಸಂಗ್ರಹ, ಇನ್ನೊಂದು ಅನುಕೂಲಸ್ಥರ ಸುಖ. ಆದರೂ ಎರಡನ್ನೂ ಕಾಡುವ ಪ್ರಶ್ನೆ ಒಂದೇ: ನಿಂತ ಬೆಚ್ಚಗಿನ ನೀರಿನಲ್ಲಿ ರೋಗಾಣು ಬೆಳೆಯದಂತೆ ಏನು ಹಾಕಬೇಕು, ಎಷ್ಟು ಹಾಕಬೇಕು, ಹಾಕಿದ್ದು ಮೈಗೂ ಹೊಟ್ಟೆಗೂ ಕೆಡುಕು ಮಾಡದಂತೆ ಹೇಗೆ ನೋಡಿಕೊಳ್ಳಬೇಕು? ಅಂಗಡಿಯಲ್ಲಿ ಇದಕ್ಕೆ ಹತ್ತಾರು ಉತ್ತರ ಸಿಗುತ್ತವೆ. ಪುಡಿ, ಗುಳಿಗೆ, ದ್ರಾವಣ, ಬೆಳ್ಳಿ, ತಾಮ್ರ, ಓಝೋನ್, ನೇರಳಾತೀತ ದೀಪ. ಪ್ರತಿಯೊಂದರ ಡಬ್ಬಿಯ ಮೇಲೂ ‘ಸುರಕ್ಷಿತ’ ಎಂಬ ಮಾತಿದೆ. ಆ ಮಾತು ಯಾವ ನೀರಿಗೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕಿದೆ.

ನೀರು ಬೆಚ್ಚಗಾದರೆ ಏನಾಗುತ್ತದೆ ಎಂಬುದಕ್ಕೆ ನೆದರ್ಲೆಂಡ್ಸ್‌ನ ಬೊವೆನ್‌ಕಾರ್ಸ್ಪೆಲ್ ಎಂಬ ಊರಿನ ದುರಂತ ಸಾಕ್ಷಿ. 1999ರಲ್ಲಿ ಅಲ್ಲಿ ನಡೆದ ಹೂವಿನ ಪ್ರದರ್ಶನದಲ್ಲಿ ಮಾರಾಟಕ್ಕೆಂದು ಬಿಸಿನೀರಿನ ತೊಟ್ಟಿಯೊಂದನ್ನು ಇಟ್ಟಿದ್ದರು. ಅದು ನೋಡಲಿಕ್ಕೆ ಇಟ್ಟದ್ದು, ಇಳಿಯಲಿಕ್ಕಲ್ಲ. ಆದರೆ ಬುಗ್ಗೆಯಿಂದ ಎದ್ದ ತುಂತುರನ್ನು ಪಕ್ಕದಲ್ಲಿ ನಡೆದುಹೋದವರು ಉಸಿರಾಡಿದರು. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಶ್ವಾಸಕೋಶ ಸೇರಿ ಕನಿಷ್ಠ 32 ಮಂದಿ ಸತ್ತರು. ಇಪ್ಪತ್ತು ವರ್ಷಗಳ ನಂತರ, 2019ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದ ಜಾತ್ರೆಯೊಂದರಲ್ಲೂ ಪ್ರದರ್ಶನದ ತೊಟ್ಟಿಗಳ ಸುತ್ತ ಇಂಥದೇ ಸೋಂಕು ಹರಡಿ ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ನಾಲ್ವರು ತೀರಿಕೊಂಡರು. ಈ ಬ್ಯಾಕ್ಟೀರಿಯಾ ಸೊಂಪಾಗಿ ಬೆಳೆಯುವುದು 25ರಿಂದ 45 ಡಿಗ್ರಿಯ ನಡುವೆ. ಕುಡಿದರೆ ಸಾಮಾನ್ಯವಾಗಿ ಏನೂ ಆಗದು, ಹನಿಯಾಗಿ ಉಸಿರಿನೊಳಗೆ ಹೋದರೆ ವಯಸ್ಸಾದವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಶ್ವಾಸಕೋಶದ ತೊಂದರೆ ಇರುವವರಿಗೆ ಅಪಾಯ. ಬೇಸಿಗೆಯ ಕರಿ ಟಾಕಿಯೂ ಅದೇ ಉಷ್ಣತೆಯಲ್ಲಿ ನಿಂತಿರುತ್ತದೆ, ಅದರ ಕೆಳಗೆ ಈಗ ಶವರ್ ಕೂಡ ಬಂದಿದೆ ಎಂಬುದನ್ನು ಮನೆಮಂದಿ ಗಮನದಲ್ಲಿಡಬೇಕು.

ಬಿಸಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ರೋಗಾಣುವನ್ನು ಕೊಲ್ಲಲು ಹಾಕಿದ ಕ್ಲೋರಿನ್ನನ್ನು ಅದು ಬೇಗ ಖಾಲಿ ಮಾಡುತ್ತದೆ. ಹೀಗೆ ಬೇಸಿಗೆಯಲ್ಲಿ ಶತ್ರು ಬೆಳೆಯುವುದೂ ಕಾವಲುಗಾರ ಕರಗುವುದೂ ಒಟ್ಟೊಟ್ಟಿಗೆ ನಡೆಯುತ್ತವೆ.

ಮದ್ದಿನ ವಿಚಾರಕ್ಕೆ ಹೋಗುವ ಮೊದಲು ನೀರು ಎಂಥದು ಎಂದು ತಿಳಿಯಬೇಕು. ನಾಲತವಾಡ ಇರುವ ಮುದ್ದೇಬಿಹಾಳ ತಾಲ್ಲೂಕಿನ ಈ ಭಾಗಕ್ಕೆ ಕೃಷ್ಣೆ ದೂರವಿಲ್ಲ. ಮೇಲಕ್ಕೆ ಆಲಮಟ್ಟಿ, ಕೆಳಕ್ಕೆ ನಾರಾಯಣಪುರದ ಬಸವಸಾಗರ. ಹೊಳೆಯ ನೀರು ಮೆದು, ಆದರೆ ಮಳೆಗಾಲದಲ್ಲಿ ಕೆಂಪಗೆ ಕದಡಿ ಬರುತ್ತದೆ. ಉತ್ತರಕ್ಕೆ ಸರಿದು ತಾಳಿಕೋಟೆ ಕಡೆ ಹೋದರೆ ಡೋಣಿ ನದಿ, ಅದರ ನೀರು ಸವಳು. ಕಪ್ಪು ನೆಲದ ಕೊಳವೆಬಾವಿಗಳ ನೀರು ಬಹುಪಾಲು ಗಡಸು, ಇಂಡಿ, ಸಿಂದಗಿ, ಬಸವನ ಬಾಗೇವಾಡಿಯ ಜನರಿಗೂ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರ ಚಿರಪರಿಚಿತ. ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡೂ ಇದೆ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ 1.5ರವರೆಗೆ ಸಹಿಸಬಹುದು.

ಇಲ್ಲೇ ಮೊದಲ ಗೊಂದಲ ಹುಟ್ಟುವುದು. ಕ್ಲೋರಿನ್ ಕೊಲ್ಲುವುದು ಜೀವಾಣುಗಳನ್ನು. ಫ್ಲೋರೈಡ್, ನೈಟ್ರೇಟ್, ಉಪ್ಪು, ಗಡಸುತನ ಯಾವುದನ್ನೂ ಅದು ಮುಟ್ಟುವುದಿಲ್ಲ. ಕುದಿಸಿದರೂ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಸ್ವಲ್ಪ ಹೆಚ್ಚೇ ಆಗುತ್ತದೆ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ಯಂತ್ರ ಫ್ಲೋರೈಡನ್ನು, ಉಪ್ಪನ್ನು ತೆಗೆಯುತ್ತದೆ. ಆದರೆ ಆ ನೀರಿನಲ್ಲಿ ಮುಂದೆ ಕಾವಲು ಕಾಯುವ ಕ್ಲೋರಿನ್ ಉಳಿದಿರುವುದಿಲ್ಲ. ನಾಣ್ಯ ಹಾಕಿ ತುಂಬಿಸಿದ 20 ಲೀಟರಿನ ಕ್ಯಾನಿನ ಬಾಯಿಗೆ ಕೈ ತಾಗಿತು, ಒಳಗೆ ಪಾಚಿ ಕಟ್ಟಿತು ಎಂದರೆ ಯಂತ್ರದ ಶುದ್ಧಿ ಅಲ್ಲಿಗೆ ಮುಗಿಯಿತು. ನೇರಳಾತೀತ ದೀಪದ ಕಥೆಯೂ ಇದೇ. ದೀಪದ ಮುಂದೆ ಹರಿಯುವ ಕ್ಷಣದಲ್ಲಿ ಅದು ಕ್ಲೋರಿನ್ನಿಗೆ ಜಗ್ಗದ ಕ್ರಿಪ್ಟೊಸ್ಪೊರಿಡಿಯಂನಂಥ ಪರೋಪಜೀವಿಯನ್ನೂ ನಿಷ್ಕ್ರಿಯಗೊಳಿಸುತ್ತದೆ, ದೀಪ ದಾಟಿದ ಮೇಲೆ ರಕ್ಷಣೆ ಇಲ್ಲ.

ನೀರನ್ನು ಮೊದಲು ತಿಳಿಗೊಳಿಸು, ಆಮೇಲೆ ಮದ್ದು ಹಾಕು ಎಂಬುದು ಈ ನಾಡಿಗೆ ಹೊಸ ಪಾಠವೇನಲ್ಲ. ಆದಿಲ್‌ಶಾಹಿಗಳ ವಿಜಯಪುರದಲ್ಲಿ ಬೇಗಂ ತಾಲಾಬಿನಿಂದ ಊರೊಳಗೆ ನೀರು ತರುವ ದಾರಿಯಲ್ಲಿ ಗಂಜ್ ಎಂಬ ಗೋಪುರಗಳಿದ್ದವು. ಕೊಳವೆಯ ಒತ್ತಡ ಇಳಿಸುವುದರ ಜೊತೆಗೆ ಹೂಳನ್ನು ತಳಕ್ಕೆ ಕೂರಿಸುವುದೂ ಅವುಗಳ ಕೆಲಸ. ಮನೆಗಳಲ್ಲಿ ಕದಡಿದ ಹೊಳೆನೀರಿನ ಕೊಡದೊಳಗೆ ಪಟಿಕದ ತುಂಡು ಆಡಿಸುತ್ತಿದ್ದರು. ಅದಕ್ಕೊಂದು ಗಟ್ಟಿ ಕಾರಣವಿದೆ. ಕೆಸರು, ಎಲೆ, ಪಾಚಿ ಇದ್ದ ನೀರಿಗೆ ಕ್ಲೋರಿನ್ ಹಾಕಿದರೆ ಅದು ಮೊದಲು ಅವುಗಳ ಮೇಲೆಯೇ ಖರ್ಚಾಗುತ್ತದೆ, ರೋಗಾಣುವಿನ ಪಾಲಿಗೆ ಏನೂ ಉಳಿಯುವುದಿಲ್ಲ.

ಬರಿಯ ಬಟ್ಟೆಯೂ ಒಂದು ಕಾಲದಲ್ಲಿ ದೊಡ್ಡ ಕೆಲಸ ಮಾಡಿದೆ. ಉತ್ತರ ಕರ್ನಾಟಕದ ಮೆಟ್ಟಿಲು ಬಾವಿಗಳಲ್ಲಿ ನಾರುಹುಣ್ಣಿನ ಹುಳು ಮನೆಮಾಡಿತ್ತು. ಹುಣ್ಣಾದ ಕಾಲನ್ನು ನೀರಿಗಿಟ್ಟವರಿಂದ ಮರಿಹುಳು ನೀರಿಗೆ, ನೀರಿನ ಸೂಕ್ಷ್ಮ ಚಿಗಟದ ಹೊಟ್ಟೆಗೆ, ಅಲ್ಲಿಂದ ಕುಡಿದವರ ದೇಹಕ್ಕೆ. ಔಷಧಿಯೂ ಇಲ್ಲದ, ಲಸಿಕೆಯೂ ಇಲ್ಲದ ಆ ರೋಗವನ್ನು ಓಡಿಸಿದ್ದು ನೀರು ಸೋಸುವ ಬಟ್ಟೆ, ಟೆಮೆಫಾಸ್ ಎಂಬ ಕೀಟನಾಶಕ ಮತ್ತು ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಬದಲಿಸಿದ್ದು. ದೇಶದ ಕೊನೆಯ ರೋಗಿ ಕಂಡದ್ದು 1996ರಲ್ಲಿ, 2000ನೇ ಇಸವಿಯಲ್ಲಿ ಭಾರತ ಈ ರೋಗದಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ರೋಗಾಣು ಯಾವುದು, ನೀರು ಯಾವುದು ಎಂದು ನೋಡಿ ಉಪಾಯ ಹುಡುಕಿದ್ದಕ್ಕೆ ಸಿಕ್ಕ ಫಲ ಅದು.

ಇನ್ನು ಮದ್ದುಗಳ ಸರದಿ. ಹಳ್ಳಿ, ಪಟ್ಟಣ ಪಂಚಾಯಿತಿಗಳಿಂದ ಹಿಡಿದು ಮನೆಯ ಸಂಪಿನವರೆಗೆ ಎಲ್ಲರ ಕೈಗೆಟಕುವುದು ಬ್ಲೀಚಿಂಗ್ ಪುಡಿ. ಹೊಸ ಪುಡಿಯಲ್ಲಿ ಶೇ. 30ರಿಂದ 35ರಷ್ಟು ಬಳಕೆಗೆ ಸಿಗುವ ಕ್ಲೋರಿನ್ ಇರುತ್ತದೆ. ಸಾರ್ವಜನಿಕ ಆರೋಗ್ಯದ ಪಠ್ಯಗಳು 1000 ಲೀಟರ್ ಬಾವಿನೀರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿ ಸಾಕು ಎನ್ನುತ್ತವೆ, ಅಂದರೆ ಲೀಟರಿಗೆ ಸುಮಾರು 0.8 ಮಿಲಿಗ್ರಾಂ ಕ್ಲೋರಿನ್. ಲೆಕ್ಕ ಸರಳ. ತೊಂದರೆ ಇರುವುದು ‘ಒಳ್ಳೆಯ’ ಎಂಬ ಷರತ್ತಿನಲ್ಲಿ. ಬಾಯಿ ಬಿಚ್ಚಿದ ಚೀಲ ಬಿಸಿಲು, ತೇವಕ್ಕೆ ಸಿಕ್ಕಿದರೆ ಪುಡಿಯ ಶಕ್ತಿ ವಾರಗಳಲ್ಲೇ ಇಳಿಯುತ್ತದೆ. ತಗಡಿನ ಶೆಡ್ಡಿನಲ್ಲಿ ಬೇಸಿಗೆ ಕಳೆದ ಪುಡಿಯನ್ನು ಹಳೆಯ ಲೆಕ್ಕದಲ್ಲೇ ಸುರಿದರೆ ನೀರಿಗೆ ಸೇರುವುದು ಹೆಚ್ಚಾಗಿ ಸುಣ್ಣ.

ಹಾಕುವ ವಿಧಾನವೂ ಬಹಳ ಕಡೆ ತಪ್ಪುತ್ತದೆ. ಪುಡಿಯನ್ನು ನೇರ ಟಾಕಿಗೆ ಎರಚಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತೂಗಿದ ಪುಡಿಗೆ ಸ್ವಲ್ಪ ನೀರು ಬೆರೆಸಿ ಮೊದಲು ಗಟ್ಟಿ ಹಿಟ್ಟಿನಂತೆ ಕಲಸಬೇಕು, ಗಂಟುಗಳನ್ನು ಕಟ್ಟಿಗೆಯಿಂದ ಒಡೆಯಬೇಕು, ಮತ್ತೆ ನೀರು ಸೇರಿಸಿ ಕದಡಿ ಹತ್ತು ನಿಮಿಷ ಬಿಡಬೇಕು. ಬಿಳಿಯ ಸುಣ್ಣ ತಳ ಸೇರಿ ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯನ್ನಷ್ಟೇ ಟಾಕಿಗೆ ಬಗ್ಗಿಸಿ, ನೀರನ್ನು ಕಲಕಿ, ಕನಿಷ್ಠ ಅರ್ಧ ಗಂಟೆ, ಸಾಧ್ಯವಿದ್ದರೆ ಒಂದು ಗಂಟೆ ಯಾರೂ ನಳ ತಿರುವದಂತೆ ಬಿಡಬೇಕು. ಸುಣ್ಣದ ತಳವನ್ನೂ ಸುರಿದರೆ ಮೊದಲೇ ಗಡಸಾದ ನೀರು ಇನ್ನಷ್ಟು ಗಡಸಾಗುತ್ತದೆ.

ತೂಗುವ ತಾಪತ್ರಯ ಬೇಡವೆಂದರೆ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವಿದೆ. ಶೇ. 5ರ ದ್ರಾವಣವಾದರೆ 1000 ಲೀಟರಿಗೆ 20 ಮಿಲಿಲೀಟರ್ ಹಾಕಿದಾಗ ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಬೀಳುತ್ತದೆ. ಸುವಾಸನೆ, ಸೋಪು ಬೆರೆತ ಬಟ್ಟೆ ಬ್ಲೀಚು ನೀರಿಗೆ ಸಲ್ಲದು. ದ್ರಾವಣವೂ ಬಿಸಿಲಿಗೆ ಸಾಯುತ್ತದೆ, ಆದ್ದರಿಂದ ಸಣ್ಣ ಬಾಟಲಿ ಕೊಂಡು ಬೇಗ ಮುಗಿಸುವುದು ಜಾಣತನ. ಕುಡಿಯುವ ಕೊಡಕ್ಕೆ, ಪ್ರವಾಹ ಅಥವಾ ವಾಂತಿಭೇದಿಯ ಕಾಲಕ್ಕೆ ಕ್ಲೋರಿನ್ ಗುಳಿಗೆ ಎಲ್ಲಕ್ಕಿಂತ ಸಲೀಸು. ಡೈಕ್ಲೋರೊ ಐಸೊಸಯನುರೇಟ್ ಎಂಬ ಸಂಯುಕ್ತದ 67 ಮಿಲಿಗ್ರಾಮಿನ ಗುಳಿಗೆ ಸಾಮಾನ್ಯವಾಗಿ 20 ಲೀಟರ್ ನೀರಿಗೆ. ಪೊಟ್ಟಣ ಒಡೆಯುವವರೆಗೂ ಕೆಡದೆ ಉಳಿಯುವುದು ಅದರ ಗುಣ.

ತಾಮ್ರದ ಕೊಡವನ್ನು ಮರೆಯುವಂತಿಲ್ಲ. ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲರಾ, ಆಮಶಂಕೆ, ಟೈಫಾಯಿಡ್ ವರ್ಗದ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಮತ್ತೆ ಬೆಳೆಯಲಿಲ್ಲ. ನೀರಿಗೆ ಇಳಿದ ತಾಮ್ರ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಬಹಳ ಕಡಿಮೆ ಇತ್ತು. ಆದರೆ 16 ಗಂಟೆ ಎಂಬ ಅಂಕಿಯನ್ನು ಬಿಟ್ಟು ತಾಮ್ರದ ಮಹಿಮೆಯನ್ನಷ್ಟೇ ಹಿಡಿದರೆ ಮೋಸ. ರಾತ್ರಿ ತುಂಬಿಟ್ಟು ಬೆಳಗ್ಗೆ ಆರಕ್ಕೆ ಕುಡಿದವರಿಗೆ ಆ ಫಲಿತಾಂಶ ಅನ್ವಯಿಸದು. ಬೆಳ್ಳಿ, ತಾಮ್ರದ ಅಯಾನು ಬಿಡುವ ಯಂತ್ರಗಳ ಮಿತಿಯೂ ಇದೇ, ಅವು ನಿಧಾನ.

ಈಗ ಬಿಸಿನೀರಿನ ತೊಟ್ಟಿಗೆ ಬರೋಣ. ಸಂಪಿನ ನೀರು ಎರಡು ಮೂರು ದಿನಕ್ಕೆ ಖಾಲಿಯಾಗಿ ಹೊಸದು ಬರುತ್ತದೆ. ತೊಟ್ಟಿಯ ನೀರು ತಿಂಗಳುಗಟ್ಟಲೆ ಅದೇ. ಅದರಲ್ಲಿ ಮನುಷ್ಯರು ಕೂರುತ್ತಾರೆ. ಬೆವರು, ಎಣ್ಣೆ, ಕ್ರೀಮು, ಚರ್ಮದ ಹೊಟ್ಟು ಎಲ್ಲವೂ ಅಲ್ಲೇ ಉಳಿಯುತ್ತದೆ. ಮದ್ದು ಕಡಿಮೆಯಾದ ತೊಟ್ಟಿಯಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದು, ಕೂತವರ ಮೈಮೇಲೆ ಒಂದೆರಡು ದಿನದಲ್ಲಿ ಕೆಂಪು ಗುಳ್ಳೆ ಏಳುತ್ತವೆ. ಅದಕ್ಕಾಗಿಯೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ, ಈಜುಕೊಳಕ್ಕೆ ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಕನಿಷ್ಠ ಎಂದರೆ ಬಿಸಿನೀರಿನ ತೊಟ್ಟಿಗೆ ಕನಿಷ್ಠ 3 ಎನ್ನುತ್ತದೆ. ಕ್ಲೋರಿನ್ ಬದಲು ಬ್ರೋಮಿನ್ ಬಳಸಿದರೆ 4ರಿಂದ 8. ನೀರಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7.0ರಿಂದ 7.8ರೊಳಗೆ ಇರಬೇಕು.

ಅಂಗಡಿಯವರು ತೊಟ್ಟಿಗೆ ಸಾಮಾನ್ಯವಾಗಿ ಕೊಡುವುದು ಡೈಕ್ಲೋರ್ ಹರಳು ಅಥವಾ ಟ್ರೈಕ್ಲೋರ್ ಬಿಲ್ಲೆ. ಈಜುಕೊಳಕ್ಕೆ ಮಾರುವ ಬಿಳಿ ಬಿಲ್ಲೆಗಳು ಬಹುತೇಕ ಟ್ರೈಕ್ಲೋರ್. ಈ ಡೈಕ್ಲೋರ್ ಬೇರೆ ಯಾವುದೂ ಅಲ್ಲ, ಕೊಡಕ್ಕೆ ಹಾಕುವ ಗುಳಿಗೆಯಲ್ಲಿರುವ ಅದೇ ಸಂಯುಕ್ತ. ಕೊಡದಲ್ಲಿ ಒಪ್ಪಿದ್ದು ತೊಟ್ಟಿಯಲ್ಲಿ ಏಕೆ ಒಪ್ಪದು? ಕ್ಲೋರಿನ್ ಬಿಟ್ಟುಕೊಟ್ಟ ಮೇಲೆ ಅದು ಸಯನೂರಿಕ್ ಆಮ್ಲವನ್ನು ಹಿಂದೆ ಬಿಡುತ್ತದೆ. ಡೈಕ್ಲೋರಿನಿಂದ 10 ಮಿಲಿಗ್ರಾಂ ಕ್ಲೋರಿನ್ ಬಂದರೆ ಜೊತೆಗೆ ಸುಮಾರು 9 ಮಿಲಿಗ್ರಾಂ ಈ ಆಮ್ಲ. ಕೊಡದ ನೀರು ಅಂದೇ ಮುಗಿಯುತ್ತದೆ, ಆಮ್ಲ ಸಂಗ್ರಹವಾಗುವುದಿಲ್ಲ. ತೊಟ್ಟಿಯಲ್ಲಿ ವಾರದಿಂದ ವಾರಕ್ಕೆ ಏರುತ್ತಲೇ ಹೋಗಿ, ಕ್ಲೋರಿನ್ನನ್ನು ಹಿಡಿದಿಟ್ಟು ಅದರ ಕೊಲ್ಲುವ ವೇಗವನ್ನು ತಗ್ಗಿಸುತ್ತದೆ. ಪರೀಕ್ಷೆಯಲ್ಲಿ ಅಂಕಿ ಸರಿಯಾಗಿಯೇ ಕಾಣುತ್ತದೆ, ರೋಗಾಣು ಮಾತ್ರ ಬದುಕಿರುತ್ತದೆ. ಬಿಸಿಲಿಗೆ ತೆರೆದ ಈಜುಕೊಳದಲ್ಲಿ ಈ ಆಮ್ಲಕ್ಕೆ ಕೆಲಸವಿದೆ, ಕ್ಲೋರಿನ್ ಬಿಸಿಲಿಗೆ ಹಾರದಂತೆ ಕಾಪಾಡುತ್ತದೆ. ಮುಚ್ಚಳವಿರುವ ಬಿಸಿ ತೊಟ್ಟಿಗೆ ಅದರ ಅಗತ್ಯವಿಲ್ಲ, ಸಿಡಿಸಿ ಕೂಡ ಬೇಡವೆನ್ನುತ್ತದೆ. ಇನ್ನೊಂದು ಎಚ್ಚರ: ಸಂಯುಕ್ತ ಒಂದೇ ಎಂದು ಈಜುಕೊಳದ ಹರಳನ್ನು ಕುಡಿಯುವ ಕೊಡಕ್ಕೆ ಹಾಕಬಾರದು, ಅದರ ಶುದ್ಧತೆಯ ದರ್ಜೆ ಬೇರೆ.

ಪಿಎಚ್ ಇಲ್ಲಿ ಮುಖ್ಯ ಪಾತ್ರಧಾರಿ. ಕ್ಲೋರಿನ್ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಅದರಲ್ಲಿ ಚುರುಕಾಗಿ ಕೊಲ್ಲುವುದು ಹೈಪೊಕ್ಲೋರಸ್ ಆಮ್ಲ. ಪಿಎಚ್ 7.5ರಲ್ಲಿ ಅದು ಸುಮಾರು ಅರ್ಧ, 8ರಲ್ಲಿ ಕಾಲುಭಾಗ, 8.5ರಲ್ಲಿ ಹತ್ತರಲ್ಲೊಂದು. ಗಡಸು ಕೊಳವೆಬಾವಿ ನೀರನ್ನು ತೊಟ್ಟಿಗೆ ತುಂಬಿ ಗಾಳಿಬುಗ್ಗೆ ಹಚ್ಚಿದರೆ ಕರಗಿದ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಪಿಎಚ್ ತಾನಾಗಿ ಏರುತ್ತದೆ, ಕಾಯಿಸುವ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಇಂಥ ನೀರಿನಲ್ಲಿ ಬ್ರೋಮಿನ್ನಿಗೆ ಅನುಕೂಲ ಹೆಚ್ಚು. ಪಿಎಚ್ 8ರಲ್ಲೂ ಅದರ ಬಹುಪಾಲು ಚುರುಕು ರೂಪದಲ್ಲೇ ಇರುತ್ತದೆ, ಬೆವರಿನೊಂದಿಗೆ ಬೆರೆತ ಮೇಲೂ ಸ್ವಲ್ಪ ಕೆಲಸ ಮಾಡುತ್ತದೆ, ಮೂಗಿಗೆ ಘಾಟು ಕಡಿಮೆ. ಬೆಲೆ ಹೆಚ್ಚು, ಬಿಸಿಲಿಗೆ ನಿಲ್ಲದು, ಕುಡಿಯುವ ನೀರಿಗೆ ಅದು ಬೇಡವೇ ಬೇಡ.

‘ಕ್ಲೋರಿನ್ ಇಲ್ಲದ ತೊಟ್ಟಿ’ ಎಂಬ ಜಾಹೀರಾತುಗಳನ್ನು ಎರಡು ಸಲ ಓದಬೇಕು. ಉಪ್ಪುನೀರಿನ ತೊಟ್ಟಿ ಎಂದರೆ ಉಪ್ಪಿನಿಂದ ವಿದ್ಯುತ್ತಿನ ಮೂಲಕ ಕ್ಲೋರಿನ್ ತಯಾರಿಸುವ ತೊಟ್ಟಿಯೇ. ಓಝೋನ್ ಪ್ರಬಲ, ಆದರೆ ನೀರಿನಲ್ಲಿ ನಿಲ್ಲದು. ಪೊಟ್ಯಾಸಿಯಂ ಮೊನೊಪರ್ಸಲ್ಫೇಟ್ ಕೊಳೆಯನ್ನು ಉರಿಸುತ್ತದೆ, ಒಂದೇ ಮದ್ದಾಗಿ ನಂಬಿ ಕೂರುವಂಥದಲ್ಲ. ಇವೆಲ್ಲ ಕ್ಲೋರಿನ್ ಅಥವಾ ಬ್ರೋಮಿನ್ನಿನ ಖರ್ಚು ತಗ್ಗಿಸುವ ಸಹಾಯಕರು. ಇನ್ನು ಕಣ್ಣು ಉರಿಸುವ ಘಾಟು ವಾಸನೆ ಬಂದರೆ ಕ್ಲೋರಿನ್ ಹೆಚ್ಚಾಯಿತು ಎಂದು ಜನ ತಿಳಿಯುತ್ತಾರೆ. ಹೆಚ್ಚಿನ ಸಲ ಅದು ಬೆವರು, ಮೂತ್ರದೊಂದಿಗೆ ಬೆರೆತು ಹುಟ್ಟಿದ ಕ್ಲೋರಮೈನಿನ ವಾಸನೆ, ಅಂದರೆ ಚುರುಕು ಕ್ಲೋರಿನ್ ಸಾಲದು ಎಂಬ ಸೂಚನೆ.

ಮದ್ದಿಗಿಂತ ಬೆರಕೆ ಅಪಾಯಕಾರಿ. ಗಡಸು ನೀರಿನ ಊರುಗಳಲ್ಲಿ ಬಚ್ಚಲಿನ ಕಲೆಗೆ, ಟಾಕಿಯ ಸುಣ್ಣಕ್ಕೆ ಆ್ಯಸಿಡ್ ಹಾಕಿ ಉಜ್ಜುವ ರೂಢಿ ಇದೆ. ಆ್ಯಸಿಡ್ ಒರೆಸಿದ ಗೋಡೆಗೆ ಬ್ಲೀಚಿಂಗ್ ತಾಗಿದ ಕ್ಷಣ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಸಂಪಿನಂಥ ಮುಚ್ಚಿದ ಗುಂಡಿಯ ತಳದಲ್ಲಿ ತುಂಬಿಕೊಳ್ಳುತ್ತದೆ, ಇಳಿದವರು ಮೇಲೆ ಬರುವ ಮೊದಲೇ ಉಸಿರು ಕಟ್ಟುತ್ತದೆ. ಎರಡರಲ್ಲಿ ಒಂದನ್ನೇ ಬಳಸಬೇಕು. ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಎಂಬ ಇನ್ನೊಂದು ಕ್ಲೋರಿನ್ ಮದ್ದು ಮತ್ತು ಟ್ರೈಕ್ಲೋರನ್ನು ಒಂದೇ ಡಬ್ಬಿಯಲ್ಲಿ, ಒಂದೇ ಚಮಚದಲ್ಲಿ ಬೆರೆಸಿದರೂ ಬೆಂಕಿ, ಸ್ಫೋಟದ ಭಯವಿದೆ.

ಎಷ್ಟೇ ಒಳ್ಳೆಯ ಮದ್ದಾದರೂ ಲೋಳೆ ಕಟ್ಟಿದ ಗೋಡೆಯ ಮುಂದೆ ಸೋಲುತ್ತದೆ. ವರ್ಷಾನುಗಟ್ಟಲೆ ತೊಳೆಯದ ಟಾಕಿಯ ಒಳಗೋಡೆಯ ಮೇಲೆ ಬೆರಳಾಡಿಸಿದರೆ ತೆಳ್ಳನೆಯ ಜಾರುವ ಪದರ ಸಿಗುತ್ತದೆ. ಬ್ಯಾಕ್ಟೀರಿಯಾಗಳು ಅದರಡಿ ಅಡಗಿ ಕೂತಿರುತ್ತವೆ. ಟಾಕಿ ಬರಿದು ಮಾಡಿ ಗಟ್ಟಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಮತ್ತೆ ತುಂಬಿ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಸಿಗುವಂತೆ ಬೆರೆಸಬೇಕು. 1000 ಲೀಟರ್ ಟಾಕಿಗೆ ಶೇ. 5ರ ದ್ರಾವಣ 1 ಲೀಟರ್, ಇಲ್ಲವೇ ಹೊಸ ಬ್ಲೀಚಿಂಗ್ ಪುಡಿ 150 ಗ್ರಾಂ. ರಾತ್ರಿಯಿಡೀ ಬಿಟ್ಟು ಬೆಳಗ್ಗೆ ಅಷ್ಟೂ ನೀರನ್ನು ಚೆಲ್ಲಬೇಕು, ಅದನ್ನು ದನಕರುಗಳಿಗೂ ಕುಡಿಸಬಾರದು. ಬೇಸಿಗೆಗೆ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಇದನ್ನು ಮಾಡುವುದು ಒಳ್ಳೆಯದು. ಟಾಕಿಗೆ ನೆರಳು ಮಾಡಿದರೆ ಅರ್ಧ ಕೆಲಸ ಅಲ್ಲೇ ಆಯಿತು.

ಎಲ್ಲದರ ಕೊನೆಗೆ ಅಳತೆ. ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಐಎಸ್ 10500. ವಾಟರ್‌ಮನ್ನುಗಳ ಕೈಯ ಕ್ಲೋರೋಸ್ಕೋಪ್ ಇದಕ್ಕಾಗಿಯೇ ಇದೆ: ಸಣ್ಣ ಕೊಳವೆಗೆ ನೀರು, ಹನಿ ಆರ್ಥೊಟಾಲಿಡಿನ್, ಹಳದಿ ಬಣ್ಣ ಎಷ್ಟು ಗಾಢ ಎಂದು ಪಟ್ಟಿಯೊಂದಿಗೆ ಹೋಲಿಕೆ. ಡಿಪಿಡಿ ಎಂಬ ಹೊಸ ಕಾರಕ ಗುಲಾಬಿ ಬಣ್ಣ ಕೊಡುತ್ತದೆ, ಅದೇ ಹೆಚ್ಚು ನಂಬಿಕಸ್ತ. ಕ್ಲೋರಿನ್ ಇಲ್ಲದ ನೀರಿನಲ್ಲಿ ಮಲದ ಸೋಂಕು ಇದೆಯೇ ಎಂದು ತಿಳಿಯಲು 1982ರಲ್ಲಿ ಮಂಜ, ಮೌರ್ಯ, ರಾವ್ ಎಂಬ ಮೂವರು ಭಾರತೀಯ ವಿಜ್ಞಾನಿಗಳು ರೂಪಿಸಿದ ಹೈಡ್ರೋಜನ್ ಸಲ್ಫೈಡ್ ಬಾಟಲಿ ಸಾಕು. ನೀರು ತುಂಬಿ ಬೆಚ್ಚಗೆ ಇಟ್ಟರೆ ಒಂದೆರಡು ದಿನದಲ್ಲಿ ಕೆಟ್ಟ ನೀರು ಕಪ್ಪಾಗುತ್ತದೆ. 2022ರಲ್ಲಿ ರಾಯಚೂರು, 2023ರಲ್ಲಿ ಕೊಪ್ಪಳ ಜಿಲ್ಲೆಯ ಬಸರಿಹಾಳ, ಚಿತ್ರದುರ್ಗದ ಕವಾಡಿಗರಹಟ್ಟಿ ಪ್ರಕರಣಗಳಲ್ಲಿ ಕಲುಷಿತ ನೀರು ಜೀವ ತೆಗೆದಾಗ ರಾಜ್ಯವೇ ಬೆಚ್ಚಿತು. ಆದರೆ ಕೊನೆಯ ಮನೆಯ ನಳದ ಅಳತೆಯನ್ನು ದಿನವೂ ಬರೆದಿಡುವ ರೂಢಿ ಇನ್ನೂ ಎಲ್ಲೆಡೆ ಬೇರೂರಿಲ್ಲ.

ಹಾಗಾದರೆ ಆಯ್ಕೆ ಯಾವುದು? ಸಂಪು, ಟಾಕಿಗಳಿಗೆ ತಾಜಾ ಬ್ಲೀಚಿಂಗ್ ಪುಡಿಯ ತಿಳಿ ಅಥವಾ ಸಾದಾ ಹೈಪೊಕ್ಲೋರೈಟ್ ದ್ರಾವಣ. ಕುಡಿಯುವ ಕೊಡಕ್ಕೆ ಗುಳಿಗೆ ಅಥವಾ ಕುದಿಸುವುದು. ಫ್ಲೋರೈಡ್ ಇದ್ದಲ್ಲಿ ಆರ್‌ಒ, ಜೊತೆಗೆ ತೊಳೆದ ಕ್ಯಾನು. ಬಿಸಿನೀರಿನ ತೊಟ್ಟಿಗೆ ಬ್ರೋಮಿನ್ ಅಥವಾ ಸಯನೂರಿಕ್ ಆಮ್ಲ ಬೆರೆಯದ ಕ್ಲೋರಿನ್, ಇಳಿಯುವ ಮೊದಲು ಪ್ರತಿ ಸಲ ಪರೀಕ್ಷೆ, ಎರಡು ಮೂರು ತಿಂಗಳಿಗೊಮ್ಮೆ ಪೂರ್ತಿ ಹೊಸ ನೀರು. ನಾಲತವಾಡದ ಪಟ್ಟಣ ಪಂಚಾಯಿತಿಯಾಗಲಿ, ಅಕ್ಕಪಕ್ಕದ ಗ್ರಾಮ ಪಂಚಾಯಿತಿಗಳಾಗಲಿ, ಬರುವ ಬೇಸಿಗೆಯಿಂದ ಪ್ರತಿ ಓಣಿಯ ಕೊನೆಯ ನಳದ ಕ್ಲೋರಿನ್ ಅಳತೆಯನ್ನು ಕಚೇರಿಯ ಹಲಗೆಯ ಮೇಲೆ ಬರೆಯಲಿ. ಬರೆಯದಿದ್ದರೆ ಓದುಗರು ಹೋಗಿ ಕೇಳಲಿ.